ಹಾಲು ಬಿಟ್ಟವರ ಅಡುಗೆಮನೆಗೆ ಅಂಕೋಲೆಯ ಶೇಂಗಾ

ಹಾಲು, ಮೊಸರು, ತುಪ್ಪ ಬಿಟ್ಟು ಅಡುಗೆ ಮಾಡುವ ವೀಗನ್ ಪದ್ಧತಿ ಬಯಲುಸೀಮೆಯ ಮನೆಗಳಿಗೆ ಕಷ್ಟವಾದಷ್ಟು ಕಾರವಾರ, ಅಂಕೋಲೆ ಕಡೆಯವರಿಗೆ ಕಷ್ಟವಾಗಬೇಕಿಲ್ಲ. ಇಲ್ಲಿ ಪಾಯಸಕ್ಕೆ ಕಾಯಿಹಾಲು, ಸಾರಿಗೆ ಅರೆದ ಕಾಯಿ, ಊಟದ ಕೊನೆಗೆ ಮಜ್ಜಿಗೆ ಇಲ್ಲದಿದ್ದರೂ ಮುರುಗಲು ಹುಳಿಯ ಸೋಲ್‌ಕಡಿ ಇದ್ದೇ ಇದೆ. ಒಗ್ಗರಣೆಗೆ ತುಪ್ಪದ ಬದಲು ತೆಂಗಿನೆಣ್ಣೆ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಎಡವುವುದೂ ಈ ಸಲೀಸಿನಲ್ಲೇ. ಹಾಲು ಹೋದ ಜಾಗವನ್ನು ತೆಂಗಿನಕಾಯಿ ರುಚಿಯಲ್ಲಿ ತುಂಬುತ್ತದೆ, ಪೋಷಣೆಯಲ್ಲಿ ತುಂಬುವುದಿಲ್ಲ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಇರುವ ಪ್ರೋಟೀನು 3–4 ಗ್ರಾಂ ಮಾತ್ರ. ಹಿಂಡಿ ಸೋಸಿದ ಕಾಯಿಹಾಲಿನಲ್ಲಿ ಅದಕ್ಕಿಂತಲೂ ಕಡಿಮೆ. ತೆಂಗಿನೆಣ್ಣೆಯ ಹತ್ತರಲ್ಲಿ ಒಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು. ಹಾಲಿನ ಜೊತೆಗೆ ಮೀನು, ಮೊಟ್ಟೆಯನ್ನೂ ಬಿಟ್ಟ ತಟ್ಟೆಯಲ್ಲಿ ಅನ್ನದ ಮೇಲೆ ಕಾಯಿ, ಕಾಯಿಯ ಮೇಲೆ ಕಾಯಿ ಎಂದಾದರೆ ಹೊಟ್ಟೆ ತುಂಬೀತು, ಮೈಗೆ ಬೇಕಾದ್ದು ಸಿಗದು. ಅದರಲ್ಲಿ ಪ್ರೋಟೀನಿನ ಕೊರತೆ ನೀಗಲು ಈ ಕರಾವಳಿಗೆ ಹೊರಗಿನಿಂದ ಏನೂ ಬರಬೇಕಿಲ್ಲ. ಅಂಕೋಲೆಯ ಉಸುಕುಗದ್ದೆಯ ಶೇಂಗಾವನ್ನು ಮನೆಯಲ್ಲೇ ಹುರಿದು ಬೆಣ್ಣೆಯ ಹದಕ್ಕೆ ಅರೆದಿಟ್ಟುಕೊಂಡರೆ ಸಾಕು. ಅಂಗಡಿಯ ಡಬ್ಬಿಗಿಂತ, ದುಬಾರಿ ಬಾದಾಮಿಗಿಂತ ಇದೇ ಸರಿಯಾದ ದಾರಿ ಎಂಬುದು ನನ್ನ ವಾದ.

ಲೆಕ್ಕ ಹಾಕಿಯೇ ನೋಡಬಹುದು. ಒಂದು ಲೋಟ, ಅಂದರೆ 200 ಮಿ.ಲೀ. ಹಾಲಿನಲ್ಲಿ 6–7 ಗ್ರಾಂ ಪ್ರೋಟೀನು. ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ, ಶೇಂಗಾ ಬೆಣ್ಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. 100 ಗ್ರಾಂ ಲೆಕ್ಕದಲ್ಲಿ ಶೇಂಗಾದಲ್ಲಿ ಸುಮಾರು 25 ಗ್ರಾಂ, ಬಾದಾಮಿಯಲ್ಲಿ 21, ಗೇರುಬೀಜದಲ್ಲಿ 18. ಎಲ್ಲಕ್ಕಿಂತ ಅಗ್ಗದ್ದೇ ಎಲ್ಲಕ್ಕಿಂತ ಮುಂದಿದೆ. ಆದರೂ ವೀಗನ್ ಅಡುಗೆಯ ಪುಸ್ತಕ ತೆರೆದರೆ ಮೊದಲು ಕಾಣುವುದು ಬಾದಾಮಿ ಹಾಲು, ಬಾದಾಮಿ ಬೆಣ್ಣೆ. ಜಗತ್ತಿನ ಬಾದಾಮಿಯ ಐದರಲ್ಲಿ ಸುಮಾರು ನಾಲ್ಕು ಪಾಲು ಬೆಳೆಯುವುದು ನೀರಿಗೆ ಪರದಾಡುವ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಂದ ಹಡಗಿನಲ್ಲಿ ಬಂದದ್ದನ್ನು ಪ್ರಾಣಿದಯೆ, ಪರಿಸರ ಎಂಬ ಹೆಸರಿನಲ್ಲಿ ಕೊಂಡು ತಿನ್ನುವುದು ವಿಚಿತ್ರ. ಹಾಲಿನ ಕೊರತೆಗೆ ಶೇಂಗಾ ಒದಗಿಸಬಹುದೆಂಬ ವಿಚಾರವೂ ಹೊಸದಲ್ಲ, ಪರದೇಶದ್ದೂ ಅಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಶೇಂಗಾ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಬಹೂಪಯೋಗಿ ಆಹಾರ ರೂಪಿಸಿದ್ದರು. ಶೇಂಗಾದ ಪ್ರೋಟೀನನ್ನು ಬೇರ್ಪಡಿಸಿ ಹಾಲಿಗೆ ಬೆರೆಸಿದ ‘ಮಿಲ್ಟೋನ್’ ಎಂಬ ಪೇಯವನ್ನೂ ಹೊರತಂದಿದ್ದರು. ಹಾಲು ಸಾಲದ ಕಾಲದಲ್ಲಿ ಮಕ್ಕಳಿಗೆ ಪ್ರೋಟೀನು ಮುಟ್ಟಿಸುವ ಪ್ರಯತ್ನ ಅದು. ವೀಗನ್ ಎಂಬ ಮಾತು ಆಗ ಇಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಆ ಶೇಂಗಾ ಬೆಳೆಯುವ ನೆಲ ನೋಡಲು ಕಾರವಾರದ ಕಡೆಯ ಕದ್ರಾದಿಂದ ಹೊರಡೋಣ. ಕದ್ರಾ ಎಂದರೆ ಹೊರಗಿನವರಿಗೆ ನೆನಪಾಗುವುದು ಕಾಳಿ ನದಿಯ ಅಣೆಕಟ್ಟು, ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಹೋಗುವ ನೀರು, ಮಳೆಗಾಲದಲ್ಲಿ ಗೇಟು ತೆಗೆದಾಗ ಕೆಳಗಿನ ಊರುಗಳಿಗೆ ಹಬ್ಬುವ ಆತಂಕ. ಅಡುಗೆಯ ಮಾತಿಗೆ ಬಂದರೆ ಅದು ಎರಡು ಬೆಳೆಗಳ ನಡುವಿನ ಊರು. ಬೆನ್ನಿಗೆ ಘಟ್ಟ, ಸುತ್ತಿನ ಜಂಬಿಟ್ಟಿಗೆ ಬೆಟ್ಟಗಳಲ್ಲಿ ಗೇರು. ಕೆಳಗೆ ಇಳಿದು ಕಾರವಾರ ದಾಟಿ ಅಂಕೋಲೆಯ ಕಡೆ ಸಾಗಿದರೆ ಸಮುದ್ರಕ್ಕೆ ಹತ್ತಿರದ ಉಸುಕುಗದ್ದೆಗಳು. ಮುಂಗಾರಿನ ಭತ್ತ ಕೊಯ್ದ ಮೇಲೆ ಅಲ್ಲಿ ನೆಲದ ಪಸೆಯಲ್ಲೇ ಶೇಂಗಾ ಬಿತ್ತುತ್ತಾರೆ, ಪಸೆ ಆರಿದರೆ ಬಾವಿಯ ನೀರು ಕೊಡುತ್ತಾರೆ. ಸಡಿಲ ಮಣ್ಣಾದ್ದರಿಂದ ಕೀಳುವಾಗ ಕಾಯಿ ನೆಲದಲ್ಲಿ ಉಳಿಯುವುದು ಕಡಿಮೆ, ಸಿಪ್ಪೆಗೆ ಮೆತ್ತಿಕೊಳ್ಳುವ ಮಣ್ಣೂ ಕಡಿಮೆ. ಕಿತ್ತದ್ದು ಬೇಸಿಗೆಯ ಬಿಸಿಲಲ್ಲಿ ಒಣಗುತ್ತದೆ. ಇದು ಸಣ್ಣ ಅನುಕೂಲವಲ್ಲ. ಮುಂಗಾರಿನಲ್ಲಿ ಬೆಳೆದು ಮಳೆಯ ಕೊನೆಗೆ ಕೀಳುವ ಬಯಲುಸೀಮೆಯ ಶೇಂಗಾಕ್ಕೆ ಹಿಂಗಾರಿ ಮಳೆಯ ಕಾಟ ಇದ್ದೇ ಇರುತ್ತದೆ. ಕರಾವಳಿಯ ಬೆಳೆ ಒಣಗುವ ಹೊತ್ತಿಗೆ ಆಕಾಶ ಸಾಮಾನ್ಯವಾಗಿ ಶುಭ್ರ. ಅದೇ ಕಾಯಿಯನ್ನು ಸರಿಯಾಗಿ ಇಡದಿದ್ದರೆ ಜೂನಿನ ಮಳೆ ಎಲ್ಲವನ್ನೂ ಹಾಳುಮಾಡುತ್ತದೆ ಎಂಬುದೂ ನಿಜ. ಆ ಮಾತಿಗೆ ಮುಂದೆ ಬರುತ್ತೇನೆ.

ಅಂಗಡಿಯಲ್ಲಿ ಡಬ್ಬಿ ಸಿಗುವಾಗ ಮನೆಯಲ್ಲಿ ಏಕೆ ಅರೆಯಬೇಕು ಎಂಬುದು ಮೊದಲ ಪ್ರಶ್ನೆ. ಅರೆದ ಶೇಂಗಾ ನಿಂತಲ್ಲಿ ಎಣ್ಣೆ ಬಿಡುತ್ತದೆ, ಅದು ಅದರ ಗುಣ. ಎಣ್ಣೆ ತೇಲುವ ಡಬ್ಬಿಯನ್ನು ಗಿರಾಕಿ ಕೆಟ್ಟಿದೆ ಎಂದುಕೊಳ್ಳುತ್ತಾನೆ ಎಂಬ ಭಯ ವ್ಯಾಪಾರಿಗೆ. ಅಮೆರಿಕದ ಜೋಸೆಫ್ ರೋಸ್‌ಫೀಲ್ಡ್ 1920ರ ದಶಕದ ಆರಂಭದಲ್ಲಿ ಇದಕ್ಕೆ ಉಪಾಯ ಕಂಡುಕೊಂಡ: ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಎಣ್ಣೆಯನ್ನು ಬೆರೆಸಿದರೆ ಬೆಣ್ಣೆ ತಿಂಗಳುಗಟ್ಟಲೆ ಒಂದೇ ಹದದಲ್ಲಿ ನಿಲ್ಲುತ್ತದೆ. ಮುಂದೆ ಗಟ್ಟಿ ಎಣ್ಣೆ, ಸಕ್ಕರೆ ಹೆಚ್ಚುತ್ತ, ಶೇಂಗಾ ಇಳಿಯುತ್ತ ಹೋಯಿತು. ಕೊನೆಗೆ 1959ರಲ್ಲಿ ಅಲ್ಲಿನ ಸರ್ಕಾರ ಡಬ್ಬಿಯಲ್ಲಿ ಶೇ 95 ಶೇಂಗಾ ಇರಲೇಬೇಕು ಎಂದಿತು. ಕಂಪನಿಗಳು ಶೇ 87 ಸಾಕೆಂದು ಹಟ ಹಿಡಿದವು. ಹನ್ನೆರಡು ವರ್ಷ ವಾದ ನಡೆದು 1971ರಲ್ಲಿ ಶೇ 90ಕ್ಕೆ ತೀರ್ಮಾನವಾಯಿತು. ಶೇಂಗಾ ಬೆಣ್ಣೆಯಲ್ಲಿ ಶೇಂಗಾ ಎಷ್ಟಿರಬೇಕೆಂದು ಒಂದು ದೇಶ ಹನ್ನೆರಡು ವರ್ಷ ಜಗಳವಾಡಿತು ಅನ್ನುವುದೇ ಡಬ್ಬಿಯ ಬಗ್ಗೆ ಬೇಕಾದಷ್ಟು ಹೇಳುತ್ತದೆ. ಡಬ್ಬಿಯಲ್ಲಿರುವುದೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ. ಟ್ರಾನ್ಸ್ ಕೊಬ್ಬಿಗೆ ಭಾರತದಲ್ಲಿ 2022ರಿಂದ ಶೇ 2ರ ಮಿತಿ ಇದೆ. ಸಕ್ಕರೆ, ಬೇರೆ ಎಣ್ಣೆ ಯಾವುದೂ ಇಲ್ಲದ ಡಬ್ಬಿಗಳೂ ಸಿಗುತ್ತವೆ. ಆದರೆ ಅಂಥ ಶುದ್ಧ ಡಬ್ಬಿಯಲ್ಲಿ ಇರುವುದು ಅರೆದ ಶೇಂಗಾ ಮಾತ್ರ. ಬೇಳೆಯನ್ನು ಹುರಿದು ಅರೆಯುವುದಕ್ಕೆ ಅಷ್ಟು ಬೆಲೆ ಏಕೆ ತೆರಬೇಕು? ಸಿಹಿ ಹಾಕಿದ ಡಬ್ಬಿಯ ತೊಡಕು ಬೇರೆ: ಅದು ಬ್ರೆಡ್ಡಿಗೆ ಹಚ್ಚಲು ಸರಿ, ಸಾರಿಗೆ ಬರುವುದಿಲ್ಲ. ಅಡುಗೆಗೆ ಬೇಕಾದ್ದು ಸಕ್ಕರೆ ಸೋಕದ ಬೆಣ್ಣೆ.

ಕೆಲಸವೂ ದೊಡ್ಡದಲ್ಲ. ಸಿಪ್ಪೆ ಸಮೇತದ ಒಂದು ಕಿಲೋ ಒಣ ಶೇಂಗಾ ಸುಲಿದರೆ 700 ಗ್ರಾಂ ಹತ್ತಿರ ಬೇಳೆ; ಆರಿಸಿ, ಹುರಿದು, ಕೆಂಪು ಹೊಟ್ಟು ಹಾರಿಸಿದ ಮೇಲೆ 600 ಗ್ರಾಂಗೆ ಮೋಸವಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ, ಕೈ ಬಿಡದೆ ಆಡಿಸಬೇಕು. ಹೊಟ್ಟು ಬಿರಿದು ಬೇಳೆ ನಸುಗೆಂಪಾದೊಡನೆ ಇಳಿಸಬೇಕು. ಕಪ್ಪು ಚುಕ್ಕೆ ಬಿದ್ದರೆ ಕಹಿ ಬಂತೆಂದೇ ಲೆಕ್ಕ. ಬಟ್ಟೆಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಬೇಕು. ಆ ಬಿಸಿಯೇ ಎಣ್ಣೆಯನ್ನು ಬೇಗ ಬಿಡಿಸುತ್ತದೆ. ಮೊದಲ ಅರ್ಧ ನಿಮಿಷಕ್ಕೆ ಚಟ್ನಿಪುಡಿ, ಆಮೇಲೆ ಜಾರಿನ ಗೋಡೆಗೆ ಅಂಟುವ ಒದ್ದೆ ಹಿಟ್ಟು, ಮತ್ತೆ ಬ್ಲೇಡಿನ ಸುತ್ತ ಸುತ್ತುವ ಮುದ್ದೆ. ಬಹಳ ಮಂದಿ ಸೋಲುವುದು ಈ ಮುದ್ದೆಯ ಹಂತದಲ್ಲಿ. ಇದು ಸಡಿಲವಾಗಲಾರದು ಎನ್ನಿಸಿ ಒಂದು ಚಮಚ ನೀರು ಸುರಿಯುತ್ತಾರೆ. ಅಲ್ಲಿಗೆ ಅದು ಬೆಣ್ಣೆಯಲ್ಲ, ಚಟ್ನಿ. ಕಲ್ಲಿನಂತೆ ಬಿಗಿಯುತ್ತದೆ, ಕರಾವಳಿಯ ಸೆಖೆಯಲ್ಲಿ ಮರುದಿನಕ್ಕೆ ಹಳಸುತ್ತದೆ. ನೀರಿನ ಪಸೆ ಇಲ್ಲದ್ದರಿಂದಲೇ ಶೇಂಗಾ ಬೆಣ್ಣೆ ವಾರಗಟ್ಟಲೆ ಬಾಳುವುದು. ಜಾರನ್ನು ಕೆರೆದು, ನಿಮಿಷಕ್ಕೊಮ್ಮೆ ಮೋಟರಿಗೆ ವಿಶ್ರಾಂತಿ ಕೊಟ್ಟು ಮತ್ತೆ ತಿರುಗಿಸಿದರೆ ಮುದ್ದೆ ಒಮ್ಮೆಲೇ ಸಡಿಲವಾಗಿ ಮಿನುಗುತ್ತದೆ. ಕಾಲು ಕಿಲೋಗೆ ಮಿಕ್ಸಿ ಓಡುವುದು ಎಂಟು ನಿಮಿಷ ಎಂದಿಟ್ಟುಕೊಂಡರೂ 750 ವ್ಯಾಟಿನ ಮೋಟರಿಗೆ ತಗಲುವುದು ಯೂನಿಟ್ಟಿನ ಹತ್ತನೇ ಒಂದು ಭಾಗ. 150 ಮೆಗಾವ್ಯಾಟಿನ ವಿದ್ಯುದಾಗಾರ ಮಗ್ಗುಲಲ್ಲೇ ಇರುವ ಊರಿನಲ್ಲಿ ಅದನ್ನು ಖರ್ಚು ಎನ್ನಲಾಗದು, ಕರೆಂಟು ಇದ್ದರೆ!

ಗೇರು ಬೆಣ್ಣೆಯದು ಇದಕ್ಕಿಂತ ಸುಲಭ. ಬೀಜ ಮೆದು, ಬೇಗ ಅರೆಯುತ್ತದೆ. ಒಂದೇ ಎಚ್ಚರಿಕೆ: ಬೆಟ್ಟದ ಗೇರು ನಮ್ಮದೇ ಎಂದು ಹಸಿ ಬೀಜವನ್ನು ಮನೆಯಲ್ಲಿ ಸುಟ್ಟು ಒಡೆಯಲು ಹೋಗಬಾರದು. ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ, ಹೊಗೆಯೂ ಒಳ್ಳೆಯದಲ್ಲ. ಆ ಕೆಲಸ ಕಾರ್ಖಾನೆಯದು. ಕೊಳ್ಳುವಾಗ ಇಡೀ ಬೀಜ ಬೇಡ. 320ರ ನಂಬರು, 240ರ ನಂಬರು ಎಂಬ ದರ್ಜೆಗಳು ಒಂದು ಪೌಂಡಿಗೆ ಎಷ್ಟು ಇಡೀ ಬೀಜ ಬರುತ್ತವೆ ಎಂಬ ಲೆಕ್ಕ ಅಷ್ಟೆ. ಅರೆಯುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ತುಂಡು ಗೇರುಬೀಜದ ರುಚಿಯೂ ಸತ್ವವೂ ಅದೇ, ಬೆಲೆ ಮಾತ್ರ ಇಳಿದದ್ದು.

ಅರೆದಿಟ್ಟದ್ದನ್ನು ಏನು ಮಾಡಬೇಕು? ಇದನ್ನು ಬ್ರೆಡ್ಡಿನ ಜೊತೆಗಾರ ಎಂದುಕೊಂಡರೆ ಇಡೀ ವಾದವೇ ಬಿದ್ದುಹೋಗುತ್ತದೆ, ಏಕೆಂದರೆ ದೋಸೆ, ಅನ್ನ ಉಣ್ಣುವವರ ಮನೆಯಲ್ಲಿ ಬ್ರೆಡ್ಡಿಗೆ ಹಚ್ಚುವ ವಸ್ತು ತಿಂಗಳಿಗೆ ಎಷ್ಟು ಖರ್ಚಾದೀತು? ಒಂದು ಚಮಚ ಬೆಣ್ಣೆಗೆ ಸ್ವಲ್ಪ ನೀರು ಹಾಕಿ ಕಲಸಿದರೆ ಮೊದಲು ಒಡೆದಂತೆ ಗಟ್ಟಿಯಾಗುತ್ತದೆ. ಹೆದರದೆ ಇನ್ನಷ್ಟು ನೀರು ಹಾಕುತ್ತ ಹೋದರೆ ಬಿಳಿಚಿಕೊಂಡು ಕೆನೆಯ ಹಾಗೆ ಸಡಿಲವಾಗುತ್ತದೆ. ಈ ಕೆನೆಗೆ ಮುರುಗಲು ಹುಳಿಯನ್ನೋ ಲಿಂಬೆರಸವನ್ನೋ ಹಿಂಡಿದರೆ ಮಜ್ಜಿಗೆಯಿಲ್ಲದ ತಂಬುಳಿಗೆ ತಳಹದಿ ಸಿದ್ಧ. ಒಂದೆಲಗ, ಜೀರಿಗೆ, ಕಾಳುಮೆಣಸು ಯಾವುದನ್ನಾದರೂ ಅರೆದು ಸೇರಿಸಬಹುದು. ಬದನೆ ಎಣ್ಣೆಗಾಯಿಗೆ, ಬಸಳೆ ಸಾರಿಗೆ ಅರ್ಧ ಕಾಯಿ, ಅರ್ಧ ಶೇಂಗಾ ಬೆಣ್ಣೆ ಎಂದು ಪಾಲು ಮಾಡಿದರೆ ರುಚಿ ಊರಿನದೇ ಉಳಿಯುತ್ತದೆ. ಇಳಿಸುವ ಹೊತ್ತಿಗೆ ಹಾಕುವುದು ಕ್ಷೇಮ, ಬಹಳ ಕುದಿಸಿದರೆ ಎಣ್ಣೆ ಬಿಟ್ಟು ಮೇಲೆ ತೇಲುತ್ತದೆ. ಪಾಯಸಕ್ಕೆ ಮಾತ್ರ ಗೇರು ಬೆಣ್ಣೆಯೇ ಮೇಲು; ಹುರಿದ ಶೇಂಗಾದ ಘಮ ಏಲಕ್ಕಿಯನ್ನು ನುಂಗಿಬಿಡುತ್ತದೆ. ಜೋನಿಬೆಲ್ಲದ ಜೊತೆ ದೋಸೆಗೆ ಹಚ್ಚಲು ಶೇಂಗಾ ಬೆಣ್ಣೆಗೆ ಸಮ ಇನ್ನೊಂದಿಲ್ಲ, ಇದು ಪೂರ್ತಿ ನನ್ನ ಪಕ್ಷಪಾತ. ಮೀನಿಲ್ಲದ ಊಟ ಊಟವೇ ಅಲ್ಲ ಎನ್ನುವ ಕಾರವಾರದಲ್ಲಿ ಇದೆಲ್ಲ ಯಾರಿಗೆ ಎಂದು ನಗುವವರೂ ಇದ್ದಾರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಅದರ ಬೆನ್ನಿಗೇ ಶ್ರಾವಣ. ವೀಗನ್ ಎನ್ನದೆಯೇ ವಾರಗಟ್ಟಲೆ ಮೀನು ಬಿಡುವ ಮನೆಗಳು ಆ ಕಾಲದಲ್ಲಿ ಇಲ್ಲಿ ಬೇಕಾದಷ್ಟಿವೆ.

ಇನ್ನು ಗಟ್ಟಿಯಾದ ಆಕ್ಷೇಪ: ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದಾಗ ಕಾರಣ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯಲ್ಲಿ. ಅದಕ್ಕೆ ಹಿಡಿದಿದ್ದ ಶಿಲೀಂಧ್ರ ಬಿಟ್ಟ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಹುರಿದರೆ ಅದು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಕದ್ರಾದಂಥ ಘಟ್ಟದ ಬುಡದ ಊರಿನಲ್ಲಿ, ಮಳೆಗಾಲದಲ್ಲಿ ಬೆಲ್ಟು ಚಪ್ಪಲಿಗಳಿಗೇ ಬೂಷ್ಟು ಹಿಡಿಯುವಾಗ, ಶೇಂಗಾ ಚೀಲದ ಗತಿ ಏನು? ಕಾರ್ಖಾನೆಯಲ್ಲಿ ಬಣ್ಣ ನೋಡಿ ಕೆಟ್ಟದ್ದನ್ನು ಎಸೆಯುವ ಯಂತ್ರವಿದೆ, ಪ್ರಯೋಗಾಲಯದ ಪರೀಕ್ಷೆ ಇದೆ. ಮನೆಯಲ್ಲಿ ಎರಡೂ ಇಲ್ಲ. ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಈ ವಿಷದ ಒಂದು ಸ್ವಭಾವ ನಮಗೆ ಸಹಾಯಕ್ಕೆ ಬರುತ್ತದೆ. ಅದು ರಾಶಿಯ ತುಂಬ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕೆಟ್ಟ ಬೇಳೆಗಳಲ್ಲಿ ತುಂಬಿಕೊಂಡಿರುತ್ತದೆ. ಮುರುಟಿದ್ದು, ಬಣ್ಣಗೆಟ್ಟದ್ದು, ಮೊಳಕೆಯೊಡೆದದ್ದು, ಹುಳು ಕೊರೆದದ್ದು, ಸುಲಿಯುವ ಮೊದಲೇ ಒಡೆದಿದ್ದ ಸಿಪ್ಪೆಯಿಂದ ಬಂದದ್ದು, ಇಷ್ಟನ್ನು ಆರಿಸಿ ಎಸೆದರೆ ಅಪಾಯದ ದೊಡ್ಡ ಪಾಲು ಎಸೆದ ಹಾಗೆ. ಸಿಪ್ಪೆ ಸಮೇತ ಕೊಂಡವರಿಗೆ ಈ ಅವಕಾಶ ಇದೆ. ಸುಲಿದ ಬೇಳೆ ಕೊಂಡವರಿಗೆ ಅರ್ಧ ಇದೆ. ಅರೆದದ್ದನ್ನು ಕೊಂಡವರಿಗೆ ಏನೂ ಇಲ್ಲ, ಕಂಪನಿಯ ಮೇಲಿನ ನಂಬಿಕೆಯೊಂದೇ ಗತಿ. ಹಾಗಾಗಿ ಈ ಆಕ್ಷೇಪ ಮನೆಯಲ್ಲಿ ಮಾಡಬೇಡಿ ಎನ್ನುವುದಿಲ್ಲ, ಸಿಪ್ಪೆ ಸಮೇತವೇ ಕೊಳ್ಳಿ ಎನ್ನುತ್ತದೆ. ಬೇಸಿಗೆಯ ಹೊಸ ಬೆಳೆಯನ್ನು ಅಲುಗಾಡಿಸಿದರೆ ಒಳಗೆ ಗಲಗಲ ಸದ್ದಾಗುವಷ್ಟು ಒಣಗಿಸಿ, ಮಳೆ ಹಿಡಿಯುವ ಮೊದಲೇ ಗಾಳಿ ಆಡದ ಡಬ್ಬಿಗೆ ತುಂಬಬೇಕು. ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟನ್ನೇ ಸುಲಿದು ಅರೆದು, ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿಗೆ ಇಡಬೇಕು, ಒದ್ದೆ ಚಮಚ ಸೋಕಿಸಬಾರದು. ಕಮಟು ವಾಸನೆ ಬಂದರೆ, ಬಾಯಿಗೆ ಹಾಕಿದ್ದು ಕಹಿಯಾದರೆ ಉಗಿದು ಎಸೆಯಬೇಕು. ಅಲ್ಲಿ ಜಿಪುಣತನ ಸಲ್ಲದು.

ಶೇಂಗಾ ಬೆಣ್ಣೆಯನ್ನೇ ನಂಬಿ ಹಾಲು ಬಿಟ್ಟವರ ಕಥೆ ಕೆಟ್ಟದಾಗಿ ಮುಗಿದ ಉದಾಹರಣೆಯೂ ಇದೆ, ಅದೂ ಸಾಮಾನ್ಯರದ್ದಲ್ಲ. ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಾಲು ಬಿಟ್ಟರು. 1918ರಲ್ಲಿ ಖೇಡಾದಲ್ಲಿ ಓಡಾಡುತ್ತಿದ್ದಾಗ ಅವರ ಮುಖ್ಯ ಆಹಾರ ಶೇಂಗಾ ಬೆಣ್ಣೆ ಮತ್ತು ಲಿಂಬೆ ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಬೆಣ್ಣೆ ಅತಿಯಾಗಿ ಆಮಶಂಕೆ ಹಿಡಿಯಿತು, ಕಾಯಿಲೆ ಸಾವಿನ ಅಂಚಿಗೆ ಒಯ್ದಿತು, ಕೊನೆಗೆ ಕಸ್ತೂರಬಾ ಮಾತಿಗೆ ಮಣಿದು ಆಡಿನ ಹಾಲು ಕುಡಿಯಬೇಕಾಯಿತು. ಹಾಲೇ ಬೇಕೆಂಬವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದರೆ ಸಾಕ್ಷಿಯನ್ನು ಪೂರ್ತಿ ಓದಬೇಕು. ಅತಿಯಾಗಿ ತಿಂದದ್ದು ತಪ್ಪೆಂದು ಅವರೇ ಒಪ್ಪಿದ್ದಾರೆ, ಮೇಲಾಗಿ ಅದು ಕಡುನೇಮದ ಆಹಾರವಾಗಿತ್ತು. ಬಿ12 ವಿಟಮಿನ್ನನ್ನು ಬೇರ್ಪಡಿಸಿದ್ದೇ 1948ರಲ್ಲಿ. ಹಾಲು ಬಿಟ್ಟವರಿಗೆ ಅದು ಸಿಗುವುದಿಲ್ಲವೆಂಬ ಅರಿವು 1918ರಲ್ಲಿ ಯಾರಿಗೂ ಇರಲಿಲ್ಲ. ಇಂದು ಇದೆ. ವೀಗನ್ ಆದವರು ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು, ಯಾವ ಬೆಣ್ಣೆಯೂ ಅದನ್ನು ಕೊಡದು. ಸುಣ್ಣದ ಅಂಶದಲ್ಲೂ ಶೇಂಗಾ ಹಾಲಿಗೆ ಸಮವಲ್ಲ: ಒಂದು ಲೋಟ ಹಾಲಿನಲ್ಲಿ 240 ಮಿ.ಗ್ರಾಂ ಆಸುಪಾಸು ಇದ್ದರೆ ಎರಡು ಚಮಚ ಶೇಂಗಾ ಬೆಣ್ಣೆಯಲ್ಲಿ 30ಕ್ಕಿಂತ ಹೆಚ್ಚಿಲ್ಲ. ಅದಕ್ಕೆ 100 ಗ್ರಾಂಗೆ 340 ಮಿ.ಗ್ರಾಂ ಕೊಡುವ ರಾಗಿ ಇದೆ, ಎಳ್ಳಿದೆ. ಕೊಬ್ಬಿನ ಭಯವೂ ಸುಳ್ಳಲ್ಲ, ಎರಡು ಚಮಚಕ್ಕೆ 180 ಕ್ಯಾಲೊರಿ ಹತ್ತಿರ. ಆದರೆ ನಾನು ಹೇಳುತ್ತಿರುವುದು ತಟ್ಟೆಗೆ ಹೆಚ್ಚುವರಿಯಾಗಿ ಸುರಿಯಲು ಅಲ್ಲ, ತುಪ್ಪ ಮತ್ತು ಕಾಯಿಯ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಹಾಕಲು. ಶೇಂಗಾ ಅಲರ್ಜಿ ಇದ್ದವರಿಗೆ ಈ ವಾದ ಸಲ್ಲುವುದೇ ಇಲ್ಲ; ಅವರು ಎಳ್ಳು ಅರೆದುಕೊಳ್ಳಲಿ.

ಉಳಿದದ್ದು ಪೋಷಣೆಗೆ ಸೇರದ ಒಂದು ಆಕ್ಷೇಪ, ನನಗೆ ಎಲ್ಲಕ್ಕಿಂತ ಕಾಡುವುದೂ ಅದೇ. ಮನೆಯಲ್ಲಿ ಮಾಡಿ ಎಂದು ಪತ್ರಿಕೆಯಲ್ಲಿ ಬರೆಯುವುದು ಸುಲಭ; ಸುಲಿಯುವವರು, ಆರಿಸುವವರು, ಜಾರು ತೊಳೆಯುವವರು ಯಾರು? ಬೆಣ್ಣೆ ಅಂಟಿದ ಮಿಕ್ಸಿ ಜಾರು ತೊಳೆಯುವುದು ಒಂದು ಶಿಕ್ಷೆ. ಗಂಡಸರ ಆರೋಗ್ಯದ ಹುಮ್ಮಸ್ಸು ಹೆಂಗಸರ ಕೆಲಸದ ಪಟ್ಟಿಗೆ ಇನ್ನೊಂದು ಸಾಲಾಗುವುದಾದರೆ ಡಬ್ಬಿಯೇ ವಾಸಿ ಎಂದು ಒಪ್ಪುತ್ತೇನೆ. ಸುಲಿಯುವ, ಆರಿಸುವ ಕೆಲಸಕ್ಕೆ ಅಡುಗೆ ಬರಬೇಕೆಂದೇನೂ ಇಲ್ಲ, ಟಿವಿ ಮುಂದೆ ಕೂತ ಯಾರ ಕೈಗಾದರೂ ಅದು ಆಗುತ್ತದೆ. ಅದೂ ಆಗದ ಮನೆಗಳಿಗೆ ನಡುದಾರಿಯೊಂದಿದೆ. ಕರಾವಳಿಯ ಸ್ವಸಹಾಯ ಸಂಘಗಳು ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವುದನ್ನು ಚೆನ್ನಾಗಿ ಬಲ್ಲವು. ಸಾಲ ಮಾಡಿ ದೊಡ್ಡ ಯಂತ್ರ ತರಬೇಕಾಗಿಲ್ಲ. ದೋಸೆಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರಿನಲ್ಲಿ, ಮೊದಲು ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡ ಶೇಂಗಾವನ್ನು ಹಾಕಿ ತಾಸೆರಡು ತಾಸು ಬಿಟ್ಟರೆ ಮಿಕ್ಸಿಗಿಂತ ನುಣ್ಣನೆಯ ಬೆಣ್ಣೆ ಬರುತ್ತದೆ, ಕಲ್ಲು ಪೂರ್ತಿ ಒಣಗಿರಬೇಕು ಅಷ್ಟೆ. ಬೇರೆ ಬೇರೆ ರಾಜ್ಯಗಳಿಂದ ಕೈಗಾ ಕೆಲಸಕ್ಕೆ ಬಂದ ಕುಟುಂಬಗಳಿರುವ ಮಲ್ಲಾಪುರದ ಟೌನ್‌ಶಿಪ್ಪು ಕದ್ರಾಕ್ಕೆ ಹತ್ತಿರದಲ್ಲೇ ಇದೆ. ಬೆನ್ನ ಮೇಲೆ ಅರೆದ ತಾರೀಕು, ಒಳಗೆ ಶೇಂಗಾ ಮತ್ತು ಸಾಣಿಕಟ್ಟೆಯ ಉಪ್ಪು ಮಾತ್ರ ಇರುವ ಬಾಟಲಿಗೆ ಅಲ್ಲಿ ಗಿರಾಕಿ ಸಿಗದಿರಲಾರರು. ಹಾಗೆ ಮಾರುವವರು ಬೆಲೆ ಕಟ್ಟುವಾಗ ಆರಿಸುವ ಕೂಲಿಯನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕು. ಆ ಕೂಲಿ ಉಳಿಸಲು ಹೋದರೆ ಮುರುಟು ಬೇಳೆಯೂ ಕಲ್ಲಿಗೆ ಬೀಳುತ್ತದೆ.